ದೊಡ್ಡಕ್ಕನ ಎಡಗಡೆ

ನಾನು ಮೊದಲಿನಿಂದಲೂ ನಗುಮೊಗದವನಲ್ಲ. ಮದುವೆಯ ಫೋಟೊದಲ್ಲಿ ಕೂಡ ಯಾರೋ ತೀರಿಕೊಂಡ ಸುದ್ದಿ ಕೇಳಿದವನ ಹಾಗೆ ನಿಂತಿದ್ದೇನೆ ಎಂದು ನನ್ನ ಹೆಂಡತಿ ಗಿರಿಜಾ ಮನೆಗೆ ಬಂದವರಿಗೆಲ್ಲ ಆಲ್ಬಮ್ಮು ತೆಗೆದು ತೋರಿಸುತ್ತಾಳೆ. ಇಂಥವನು ಒಂದು ಇಡೀ ಬೇಸಿಗೆಯನ್ನು ಹಳೆಯ ಕಾರು, ಡೇರೆ, ಬಯಲು ಅಂತ ಕಳೆದ ಎಂದರೆ ಗುರುತಿನವರು ಯಾರೂ ನಂಬುವುದಿಲ್ಲ. ಅದೂ ಬಳ್ಳಾರಿಯ ಬೇಸಿಗೆ. ಏಪ್ರಿಲ್ ಬಂತೆಂದರೆ ಇಲ್ಲಿ ನಾಯಿ ಕೂಡ ಚರಂಡಿಯ ತಂಪು ಬಿಟ್ಟು ಏಳುವುದಿಲ್ಲ. ಅಂಥ ಕಾಲದಲ್ಲಿ ಫ್ಯಾನು, ನೆರಳು, ಗಡಿಗೆಯ ತಣ್ಣೀರು ಎಲ್ಲ ಬಿಟ್ಟು ಬಯಲಿನಲ್ಲಿ ಡೇರೆ ಹಾಕಿಕೊಂಡು ಮಲಗುವವರೆಂದರೆ ನಮ್ಮ ಕಡೆ ಒಂದೋ ಕುರಿ ಕಾಯುವವರು, ಇಲ್ಲವೆ ಮನೆಯಿಂದ ಹೊರಹಾಕಿಸಿಕೊಂಡವರು. ನಮ್ಮ ಹತ್ತಿರ ಕುರಿ ಇರಲಿಲ್ಲ.

ಕಾರಣ ನನ್ನ ಕಣ್ಣು. ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣ ಕಾರ್ಖಾನೆ ನನ್ನದು. ಬಟ್ಟೆ ಕತ್ತರಿಸುವ ಕೆಲಸ ಮಾತ್ರ ಯಾರಿಗೂ ಬಿಟ್ಟುಕೊಟ್ಟವನಲ್ಲ. ಹೋದ ಚಳಿಗಾಲದಲ್ಲಿ ಪ್ಯಾಂಟುಗಳ ಎಡಗಾಲು ಯಾಕೋ ಬಲಗಾಲಿಗಿಂತ ಗಿಡ್ಡವಾಗಿ ಬರತೊಡಗಿತು. ಹೊಲಿಯುವವರು ಇದೂ ಒಂದು ಹೊಸ ಫ್ಯಾಷನ್ ಇರಬೇಕೆಂದು ಸುಮ್ಮನೆ ಹೊಲಿದರು. ಕೊನೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಗೊತ್ತಾಯಿತು: ಕಣ್ಣಿನ ನರ ಸವೆಯುತ್ತಿದೆ, ಎಡಗಡೆಯ ಅಂಚಿನಿಂದ ನೋಟ ಹೋಗುತ್ತಿದೆ. "ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಣ" ಎಂದರು ಡಾಕ್ಟರು. ಅಂಚು ಸವೆದ ಪ್ಯಾಂಟಿಗೆ ಬಜಾರಿನಲ್ಲಿ ಹೊಸದಕ್ಕಿಂತ ಹೆಚ್ಚು ಬೇಡಿಕೆ ಇದೆ ಸಾರ್, ಅಂಚು ಸವೆದ ಕಣ್ಣಿಗೆ ಯಾಕಿಲ್ಲ ಎಂದು ಕೇಳಿದೆ. ಅವರು ನಗಲಿಲ್ಲ. ಡಾಕ್ಟರು ನಗದಿದ್ದರೆ ರೋಗ ದೊಡ್ಡದೇ ಇರಬೇಕೆಂದು ನನಗೆ ಹೆದರಿಕೆಯಾಯಿತು.

ಕಣ್ಣಿಗಿಂತ ಮೊದಲು ನೆನಪಾದದ್ದು ದೊಡ್ಡಕ್ಕ. ದೊಡ್ಡಕ್ಕ ಎಂದರೆ ನಮ್ಮ ಅಪ್ಪನ ಕಪ್ಪು ಕಾರು. ನಾನು ಹುಟ್ಟುವುದಕ್ಕೆ ಮೊದಲೇ ಮನೆಗೆ ಬಂದದ್ದರಿಂದ ಅದು ನನಗೆ ಅಕ್ಕ ಆಗಬೇಕು ಎಂದು ಅವ್ವ ಇಟ್ಟ ಹೆಸರು. ಕಂಟೋನ್ಮೆಂಟಿನ ನಮ್ಮ ಮನೆಯಲ್ಲಿ ನನಗೆ ಜ್ವರ ಬಂದರೆ ಶುಂಠಿ ಕಷಾಯ, ಅದಕ್ಕೆ ಕೆಮ್ಮು ಬಂದರೆ ಮೆಕ್ಯಾನಿಕ್ಕು. ಅಪ್ಪ ನನಗೆ ಕಲಿಸಿದ ವಿದ್ಯೆ ಎಂದರೆ ದೊಡ್ಡಕ್ಕನನ್ನು ಓಡಿಸುವುದೊಂದೇ. ಉಳಿದದ್ದನ್ನೆಲ್ಲ ಬೈದು ಬಿಟ್ಟುಬಿಟ್ಟ. ಡಾಕ್ಟರು, "ಮಳೆಗಾಲದಲ್ಲಿ ಮತ್ತೆ ಟೆಸ್ಟ್ ಮಾಡ್ತೀನಿ. ಅಲ್ಲೀವರೆಗೆ ಓಡಿಸಲೇಬೇಕು ಅಂದ್ರೆ ಹಗಲಲ್ಲಿ, ಊರ ಹೊರಗೆ, ನಿಧಾನವಾಗಿ, ಪಕ್ಕದಲ್ಲಿ ಒಬ್ಬರನ್ನ ಕೂಡಿಸ್ಕೊಂಡು" ಎಂದರು. ಹೇಳುವಾಗ ನನ್ನನ್ನು ನೋಡದೆ ಗಿರಿಜಾಳನ್ನು ನೋಡಿದರು. ಮಳೆಗಾಲದ ಆಚೆ ನನಗೆ ಸ್ಟೀರಿಂಗ್ ಇಲ್ಲ ಎಂದು ಅದರಲ್ಲೇ ತಿಳಿಯಿತು.

ಮನೆಗೆ ಬಂದು ಶೆಡ್ಡಿನಲ್ಲಿ ಕಾರಿನೊಳಗೆ ಸುಮ್ಮನೆ ಕೂತೆ. ಗಿರಿಜಾ ಬಂದು ಎಡಗಡೆಯ ಬಾಗಿಲು ತೆಗೆದು ಪಕ್ಕದಲ್ಲಿ ಕೂತಳು. "ಅಷ್ಟು ಜೀವ ಚುರ್ ಅನ್ನೋದಾದ್ರ ಈ ಬ್ಯಾಸಗಿ ಪೂರಾ ಓಡಸ್ರಿ. ನಾನು ಹಿಂಗ ಎಡಕ್ಕ ಕುಂದರ್ತೀನಿ, ಏನು ಬಂದ್ರೂ ಒದರಿ ಹೇಳ್ತೀನಿ. ಆದ್ರ ಮಳಿ ಬಿದ್ದ ದಿನ ಕೀಲಿಕೈ ನನ್ನ ಕೈಗಿ ಕೊಡಬೇಕು. ಆಮ್ಯಾಲೆ ತಕರಾರು ಮಾಡಂಗಿಲ್ಲ" ಎಂದಳು. ನಾನು ಒಪ್ಪಿದೆ. ಮಳೆಯ ಬಗ್ಗೆ ಬಳ್ಳಾರಿಯವರು ಕೊಡುವ ಯಾವ ಮಾತನ್ನೂ ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ ಎಂಬ ಧೈರ್ಯವೂ ಇತ್ತು.

ಕತ್ತಲಲ್ಲಿ ಓಡಿಸುವ ಹಾಗಿಲ್ಲವಲ್ಲ, ಸಂಜೆಗೆ ಎಲ್ಲಿರುತ್ತೇವೋ ಅಲ್ಲೇ ಬೆಳಗು ಮಾಡಬೇಕು. ಡೇರೆ ಬಂದದ್ದು ಹೀಗೆ. ಕಾರ್ಖಾನೆಯಲ್ಲಿ ಉಳಿದ ಜೀನ್ಸ್ ಬಟ್ಟೆಯಲ್ಲಿ ಹೊಲಿಸಿದೆ. ಅದನ್ನು ಎತ್ತಲು ಇಬ್ಬರು ಬೇಕು, ಒಳಗೆ ಮಲಗಲು ಗಟ್ಟಿ ಗುಂಡಿಗೆ ಬೇಕು. ಜೀನ್ಸ್ ಡೇರೆಯೊಳಗೆ ಮಧ್ಯಾಹ್ನ ಕೂತರೆ ಕಾಲಿಲ್ಲದ ಪ್ಯಾಂಟಿನಲ್ಲಿ ಸಂಸಾರ ಸಮೇತ ಸಿಕ್ಕಿಕೊಂಡ ಹಾಗಾಗುತ್ತದೆ. ಗಿರಿಜಾ ಅದರ ಮೇಲೆ ಪ್ಯಾಂಟಿನ ಜೇಬಿಗೆ ಹಾಕುವ ಬಿಳಿ ಬಟ್ಟೆಯ ಹೊದಿಕೆ ಹೊದಿಸಿ ಸ್ವಲ್ಪ ತಂಪು ಮಾಡಿದಳು. ರಜೆಗೆ ಬಂದಿದ್ದ ಮೊಮ್ಮಗಳು ಚಿನ್ನಿ, "ಇದಕ್ಕ ಕ್ಯಾಂಪಿಂಗ್ ಅಂತಾರಜ್ಜ" ಎಂದು ಹೆಸರಿಟ್ಟಳು. ನನ್ನ ಬಾಲ್ಯದ ಗೆಳೆಯ ಮಹಬೂಬನಿಗೆ ಇದನ್ನು ಹೇಳಿದಾಗ, "ಯಾವ ಕ್ಯಾಂಪಿಗಿ ಹೊಂಟೀಯಲೇ? ನೆಲ್ಲು ನೋಡಾಕೇನು?" ಎಂದ. ಅವನ ತಪ್ಪಿಲ್ಲ. ಸಿರುಗುಪ್ಪದ ಕಡೆ ಕಾಲುವೆ ಬಂದಾಗ ಭತ್ತ ಬೆಳೆಯಲು ಬಂದ ತೆಲುಗಿನವರು ಕಟ್ಟಿಕೊಂಡ ಊರುಗಳಿಗೆಲ್ಲ ನಾವು ಕ್ಯಾಂಪ್ ಎಂದೇ ಕರೆಯುವುದು. ನಮ್ಮಲ್ಲಿ ಕ್ಯಾಂಪ್ ಎಂದರೆ ಒಂದು ಊರು, ಇಲ್ಲವೆ ಬಿಟ್ಟಿಯಾಗಿ ಬಿ.ಪಿ. ನೋಡುವ ಜಾಗ. ಸುಖಪಡಲು ಡೇರೆ ಹಾಕುವುದು ಎಂಬ ಮೂರನೆಯ ಅರ್ಥ ನಮ್ಮ ಸೀಮೆಗೆ ಇನ್ನೂ ಬಂದಿಲ್ಲ. ವಿಷಯ ತಿಳಿದ ಮೇಲೆ ಮಹಬೂಬ, ದೊಡ್ಡಕ್ಕ ನಿಂತರೆ ಎಳೆಯಲು ಇರಲಿ ಎಂದು ತನ್ನ ಹಳೇ ಜೀಪು ತಂದ. ಮೊದಲ ದಿನ ಆ ಜೀಪನ್ನೇ ದೊಡ್ಡಕ್ಕ ಎಳೆಯಬೇಕಾಯಿತು. "ವಿಂಟೇಜ್ ಗಾಡಿ ಅಂದ್ರ ಹಿಂಗಽ ಇರತಾವ" ಎಂದ ಮಹಬೂಬ. "ವಿಂಟೇಜ್ ಅಂದ್ರ ತಳ್ಳೋದು ಅಂತ ಅರ್ಥ ಏನಣ್ಣ?" ಎಂದಳು ಗಿರಿಜಾ.

ಮೊದಲು ಹೋದದ್ದು ಕುರುಗೋಡಿಗೆ. ದಾರಿಯುದ್ದಕ್ಕೂ ಗಿರಿಜಾ ಎಡಗಡೆಯ ಜಗತ್ತನ್ನು ಒದರುತ್ತಿದ್ದಳು. "ಎಡಕ್ಕ ಎಮ್ಮಿ! ಎಡಕ್ಕ ಟ್ರ್ಯಾಕ್ಟರ್! ಎಡಕ್ಕ ಸೈಕಲ್, ಮ್ಯಾಲೆ ಇಬ್ಬರು!" ಹಿಂದಿನ ಸೀಟಿನಿಂದ ಚಿನ್ನಿ ಅವಳಿಗಿಂತ ಮೊದಲು ಹೇಳುವ ಪಂದ್ಯ ಶುರುಮಾಡಿ ಕಾಗೆ, ಕಲ್ಲು, ಚಪ್ಪಲಿ ಯಾವುದನ್ನೂ ಬಿಡಲಿಲ್ಲ. ಊರು ಬರುವ ಮೊದಲು ಬಂಡೆಗಳ ಗುಡ್ಡ ಎದುರಾಗುವ ಒಂದು ತಿರುವಿದೆ. ಅಪ್ಪ ಅಲ್ಲಿ ಕಾರು ನಿಲ್ಲಿಸಿ ಹೆಗಲ ಮೇಲಿನ ಟವೆಲಿನಿಂದ ಮೊದಲು ಬಾನೆಟ್ಟು, ಆಮೇಲೆ ತನ್ನ ಮುಖ ಒರೆಸಿಕೊಳ್ಳುತ್ತಿದ್ದ. ನಾನೂ ನಿಲ್ಲಿಸಿದೆ. ಗುಡ್ಡ ಕಂಡಿತು, ಆದರೆ ಅದರ ಎಡಭಾಗ ಯಾರೋ ಕತ್ತರಿಯಾಡಿಸಿದ ಹಾಗೆ ಇರಲಿಲ್ಲ. ಕುತ್ತಿಗೆ ಹೊರಳಿಸಿದರೆ ಬರುತ್ತಿತ್ತು, ನೇರ ಮಾಡಿದರೆ ಹೋಗುತ್ತಿತ್ತು. ಹೀಗೆ ಹೊರಳಿಸುತ್ತ ನಿಂತವನನ್ನು ನೋಡಿ ಚಿನ್ನಿ, "ಅಜ್ಜ ಬ್ಯಾಡ ಬ್ಯಾಡ ಅನ್ನಾಕತ್ಯಾನ" ಎಂದು ನಕ್ಕಳು. ನಿಜವಾಗಿ ನಾನು ಅನ್ನುತ್ತಿದ್ದದ್ದೂ ಅದನ್ನೇ. ಸಂಜೆ ಬಂಡೆಯ ಬುಡದಲ್ಲಿ ಡೇರೆ ಹಾಕಿದೆವು. ಹಗಲೆಲ್ಲ ಕುಡಿದ ಬಿಸಿಲನ್ನು ಆ ಬಂಡೆ ಬೆಳಗಿನವರೆಗೂ ನಮ್ಮ ಮೇಲೆ ಉಗುಳಿತು. ತಂದ ರೊಟ್ಟಿ, ಶೇಂಗಾ ಚಟ್ನಿಯನ್ನು ಕೋತಿಗಳು ಒಯ್ದವು. ಆದರೂ ಬೆಳಿಗ್ಗೆ ಮೈಕೈ ನೋಯಿಸಿಕೊಂಡು ಎದ್ದು ಕೀಲಿಕೈ ತಿರುಗಿಸಿದಾಗ ದೊಡ್ಡಕ್ಕ ಒಂದೇ ಸಲಕ್ಕೆ ಸದ್ದು ಮಾಡಿದಳು. ನಾನು ಇಳಿದು ಟವೆಲಿನಿಂದ ಬಾನೆಟ್ಟು ಒರೆಸಿದೆ.

ಹೀಗೆ ಸಂಡೂರಿನ ದಾರಿ, ಕೊಳಗಲ್ಲಿನ ಹೊಲ ಎಲ್ಲ ಆಯಿತು. ಮೇ ಕೊನೆಗೆ ಮೋಡ ಕಾಣಿಸಿಕೊಳ್ಳತೊಡಗಿತು. ಬೇರೆಯವರು ಮೋಡ ನೋಡಿ ಖುಷಿಪಟ್ಟರೆ ನಾನು ಹೊಟ್ಟೆಯೊಳಗೆ ಶಪಿಸುತ್ತಿದ್ದೆ. ಮಳೆಯನ್ನು ಶಪಿಸಿದ ಬಳ್ಳಾರಿಯವನು ನಾನೊಬ್ಬನೇ ಇರಬೇಕು. ಕೊನೆಯದಾಗಿ ಸಿರುಗುಪ್ಪದ ಹತ್ತಿರದ ದೇಶನೂರಿಗೆ ಹೋಗೋಣವೆಂದಾಯಿತು. ಅಲ್ಲಿ ಗಿರಿಜಾಳ ತಮ್ಮ ಬಸಣ್ಣನ ಗದ್ದೆ ಇದೆ, ಕಟಾವು ಮುಗಿದು ಬಯಲಾಗಿತ್ತು. ಗಿರಿಜಾ ಅವನಿಗೆ ಫೋನು ಮಾಡಿ, "ನಿಮ್ಮ ಗದ್ಯಾಗ ಕ್ಯಾಂಪ್ ಹಾಕ್ತೀವಪ್ಪ, ನಿಮ್ಮ ಮಾವನವರ ಕಣ್ಣಿಂದು ಐತಲ್ಲ, ಅದರ ಸಲುವಾಗಿ" ಎಂದಳು. ಬಸಣ್ಣನ ಟ್ರ್ಯಾಕ್ಟರು ಓಡುತ್ತಿತ್ತು. ಅವನಿಗೆ ಕೇಳಿಸಿದ್ದು ಎರಡೇ ಮಾತು, ಕ್ಯಾಂಪ್ ಮತ್ತು ಕಣ್ಣು.

ಬೆಳಿಗ್ಗೆ ಡೇರೆಯಿಂದ ಹೊರಗೆ ಬಂದರೆ ಗದ್ದೆಯ ಬದುವಿನ ಮೇಲೆ ಸಾಲಾಗಿ ಮುದುಕ ಮುದುಕಿಯರು ಕೂತಿದ್ದರು. ಕೆಲವರ ಕೈಯಲ್ಲಿ ಬುತ್ತಿ, ಕೆಲವರ ಕೈಯಲ್ಲಿ ಆಧಾರ್ ಕಾರ್ಡು. ಬಿಳಿ ಡೇರೆ, ಪಕ್ಕದಲ್ಲಿ ಕಪ್ಪು ಕಾರು, ಬಿಸಿಲಿಗೆಂದು ಡಾಕ್ಟರು ಹಾಕಿಕೊಳ್ಳಲು ಹೇಳಿದ್ದ ಕರಿ ಕನ್ನಡಕದಲ್ಲಿ ನಾನು. ಬಸಣ್ಣ ಹೆಮ್ಮೆಯಿಂದ, "ಊರಾಗೆಲ್ಲಾ ಹೇಳೀನಿ ಮಾವಾರ. ಬಳ್ಳಾರಿಯವರು ಕಣ್ಣಿನ ಕ್ಯಾಂಪ್ ಹಾಕ್ಯಾರ ಅಂತ" ಎಂದ. ನಾನು ಬಾಯಿ ಬಿಡುವ ಮೊದಲೇ ಈರಮ್ಮ ಎಂಬ ಮುದುಕಿ ಎದುರಿಗೆ ಬಂದು ಕೂತು, ಕಣ್ಣು ದೊಡ್ಡದು ಮಾಡಿ, "ನನ್ನ ಮೊದಲ ನೋಡ್ರಿ ಡಾಕ್ಟರ, ಮನ್ಯಾಗ ಸೊಸಿ ಬೈತಾಳ" ಎಂದಳು.

"ಅವ್ವಾ, ನಾನು ಡಾಕ್ಟರಲ್ಲ. ನಂದೂ ಕಣ್ಣು ಹೋಗಾಕತ್ತೈತಿ" ಎಂದೆ.

"ಹೌದಾ?" ಎಂದು ಅವಳು ನನ್ನ ಕನ್ನಡಕ ತೆಗೆದು ಮುಖದ ಹತ್ತಿರ ಮುಖ ತಂದಳು. "ಪೊರಿ ಏನು? ನಂದೂ ಪೊರೀನ. ತಗೀತಾರಂತ ತಗೋ, ಹೆದರಬ್ಯಾಡ."

ನನ್ನದು ತೆಗೆಯುವುದಕ್ಕೆ ಬರುವುದಿಲ್ಲ ಎಂದು ಹೇಳಲು ಆಗಲಿಲ್ಲ. ಅವಳ ಎರಡು ಕಣ್ಣಲ್ಲೂ ಬೆಳ್ಳಗೆ ಪೊರೆ ಇತ್ತು, ಆದರೆ ಅವಳಿಗೆ ಮುಂದೆ ಬೆಳಕಿತ್ತು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಕುರುಡಿಯಾಗುತ್ತಿದ್ದ ಮುದುಕಿಯ ಮೇಲೆ ಹೊಟ್ಟೆಕಿಚ್ಚುಪಡುವ ಮಟ್ಟಕ್ಕೆ ಇಳಿದೆನಲ್ಲ ಎಂದು ನಾಚಿಕೆಯೂ ಆಯಿತು.

ಬಿಸಿಲಲ್ಲಿ ನಡೆದು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಸಿರುಗುಪ್ಪದ ಆಸ್ಪತ್ರೆಗೆ ಕರೆದೊಯ್ಯೋಣವೆಂದು ಗಿರಿಜಾ ಹೇಳಿದಳು. ದೊಡ್ಡಕ್ಕನಲ್ಲಿ ಈರಮ್ಮ, ಅವಳ ಗೆಳತಿಯರು, ಹಿಂದಿನ ಎಡಕಿಟಕಿಗೆ ಒಬ್ಬ ಅಜ್ಜ. ಉಳಿದವರು, ಚಿನ್ನಿ, ಬಸಣ್ಣ ಹಿಂದೆ ಮಹಬೂಬನ ಜೀಪಿನಲ್ಲಿ. ಆ ಕಾರಿನಲ್ಲಿ ಪೂರಾ ಕಣ್ಣಿದ್ದವಳು ನನ್ನ ಹೆಂಡತಿ ಒಬ್ಬಳೇ. ಮುದುಕಿಯರು ಸೊಸೆಯರ ಸುದ್ದಿ ಶುರುಮಾಡಿದರು. ಆ ಗದ್ದಲದಲ್ಲಿ ಗಿರಿಜಾ, "ಎಡಕ್ಕ ಅಜ್ಜ!" ಎಂದು ಒದರಿದಳು. ಕಾರಿನೊಳಗಿನ ಅಜ್ಜನಿಗೆ ಎಲೆಅಡಿಕೆ ಉಗುಳಬೇಕಾಗಿರಬೇಕು ಎಂದುಕೊಂಡು ನಾನು ಹಿಂದೆ ತಿರುಗಿ, "ಏನಜ್ಜಾ?" ಎಂದೆ. ಅಷ್ಟರಲ್ಲಿ ಗಿರಿಜಾ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಹಿಡಿದು ಎಳೆದಿದ್ದಳು. ದೊಡ್ಡಕ್ಕ ಕಿರುಚಿ ನಿಂತಳು.

ಅವಳು ಹೇಳಿದ ಅಜ್ಜ ಹೊರಗಿದ್ದ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದವನು. ಕಾರು ಹೊರೆಯನ್ನು ಸವರಿತ್ತು, ಅವನನ್ನು ಮುಟ್ಟಿರಲಿಲ್ಲ. ಹುಲ್ಲು ರಸ್ತೆಯ ತುಂಬ ಚೆಲ್ಲಿತ್ತು. ಅವನು ಕಿಟಕಿಯೊಳಗೆ ತಲೆ ಹಾಕಿ, "ಕಣ್ಣು ಕಾಣಂಗಿಲ್ಲೇನು ನಿಮಗ?" ಎಂದು ಗುಡುಗಿದ.

"ಇಲ್ಲಪ್ಪಾ, ಅದಕ್ಕಽ ಆಸ್ಪತ್ರಿಗಿ ಹೊಂಟೀವಿ" ಎಂದರು ಹಿಂದಿನವರೆಲ್ಲ ಒಟ್ಟಿಗೆ.

ಗಿರಿಜಾ ನಗಲು ಶುರುಮಾಡಿ ಅತ್ತುಬಿಟ್ಟಳು. ಅವಳ ಕೈ ಇನ್ನೂ ಬ್ರೇಕಿನ ಮೇಲಿತ್ತು, ನಡುಗುತ್ತಿತ್ತು. ಇಡೀ ಬೇಸಿಗೆ ಅವಳು ಹೀಗೇ ನಡುಗಿದ್ದಳೆಂದು ನನಗೆ ಆಗ ಕಂಡಿತು. ಅವಳು ಕೂತದ್ದು ನನ್ನ ಎಡಗಡೆ ಅಲ್ಲವೇ, ಕಂಡಿರಲಿಲ್ಲ. ಮಳೆ ಇನ್ನೂ ಬಿದ್ದಿರಲಿಲ್ಲ. ನಾನು ಕೀಲಿಕೈ ತೆಗೆದು ಅವಳ ಮಡಿಲಲ್ಲಿ ಇಟ್ಟೆ. ಮಹಬೂಬ ಹಿಂದಿನಿಂದ ಇಳಿದು ಬಂದು, ನನ್ನ ಜಾಗದಲ್ಲಿ ಕೂತು ಮುದುಕಿಯರನ್ನು ಸಿರುಗುಪ್ಪಕ್ಕೆ ಒಯ್ದ. ಜೀಪಿನವರನ್ನು ಆಮೇಲೆ ಬಂದು ಕರೆದೊಯ್ದ. ನಾನು ಆ ಅಜ್ಜನ ಜೊತೆ ಹುಲ್ಲು ಆರಿಸುತ್ತ ಕೂತೆ. ದೊಡ್ಡಕ್ಕ ದೂರ ಹೋಗುವ ಸದ್ದು ಕೇಳಿಸುತ್ತಿತ್ತು. ಅವಳ ಸದ್ದನ್ನು ಹೊರಗೆ ನಿಂತು ಕೇಳಿದ್ದು ಅಪ್ಪ ಇದ್ದಾಗ, ಆಮೇಲೆ ಅವತ್ತೇ. ಅಳು ಬಂತು. ಕರಿ ಕನ್ನಡಕ ಡಾಕ್ಟರು ಕೊಟ್ಟದ್ದು ಒಳ್ಳೆಯದೇ ಆಯಿತು.

ಮಳೆಗಾಲದಲ್ಲಿ ಡಾಕ್ಟರು ಮತ್ತೆ ಟೆಸ್ಟ್ ಮಾಡಿ ಇನ್ನು ಓಡಿಸುವ ಹಾಗಿಲ್ಲ ಎಂದರು. ಈರಮ್ಮನಿಗೆ ಪೊರೆ ತೆಗೆದರು. ಅವಳು ಬಸಣ್ಣನ ಜೊತೆ ನಮ್ಮ ಮನೆಗೆ ಅಕ್ಕಿ ತಂದುಕೊಟ್ಟು, ಹೊಸ ಕಣ್ಣಿನಿಂದ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇವರಽ ಏನು ಅವತ್ತಿನವರು? ಮಬ್ಬಿನ್ಯಾಗ ಚಲೋ ಕಂಡಿದ್ರಲ್ಲ" ಎಂದು ಗಿರಿಜಾಳನ್ನು ಕೇಳಿದಳು. ಗಿರಿಜಾ ಆಲ್ಬಮ್ಮು ತಂದು ತೋರಿಸಿದಳು.

ಈಗ ಗಿರಿಜಾ ಮಹಬೂಬನ ಹತ್ತಿರ ಓಡಿಸುವುದನ್ನು ಕಲಿತಿದ್ದಾಳೆ. ಸಂಜೆ ಬಿಸಿಲಿಳಿದ ಮೇಲೆ ದೊಡ್ಡಕ್ಕನನ್ನು ಕಂಟೋನ್ಮೆಂಟಿನ ಅಗಲ ರಸ್ತೆಗಳಲ್ಲಿ ಒಂದು ಸುತ್ತು ತಿರುಗಿಸುತ್ತಾಳೆ. ನನಗಿಂತ ಚೆನ್ನಾಗಿ ಓಡಿಸುತ್ತಾಳೆ. ಅದಕ್ಕೇ ನನಗೆ ಇನ್ನಷ್ಟು ಬೇಜಾರು. ಅವಳು ಕೂತು ನಡುಗುತ್ತಿದ್ದ ಜಾಗದಲ್ಲಿ ಈಗ ನಾನು. ಈಗ ಯಾರೂ ಏನೂ ಒದರುವುದಿಲ್ಲ. ಮೊನ್ನೆ ತಡೆಯಲಾರದೆ, ಹಳೆಯ ದಿನಗಳ ನೆನಪಿಗೆ, "ಎಡಕ್ಕ ಏನೈತಿ ಗಿರಿಜಾ?" ಎಂದು ಕೇಳಿದೆ. ಎಮ್ಮೆ, ಸೈಕಲ್, ಬೇವಿನ ಮರ, ಏನಾದರೂ ಹೇಳುತ್ತಾಳೆಂದು ಕಾದೆ.

ಅವಳು ಎಡಗಡೆಯ ಕನ್ನಡಿಯ ಕಡೆ ಕತ್ತು ಉದ್ದ ಮಾಡಿ, "ಎಡಕ್ಕ ನೀವಽ ಅಡ್ಡ ಅದೀರಿ. ಸ್ವಲ್ಪ ಹಿಂದಕ್ಕ ಸರೀರಿ" ಎಂದಳು.

ನಾನು ಹಿಂದಕ್ಕೆ ಸರಿದು ಕೂತೆ.