ದೊರೆಯ ನಾಯಿಯ ಹೆಜ್ಜೆ

ಗೈಡಿಗೆ ಆ ಹೊತ್ತಿನಲ್ಲಿ ಸೀನು ಬಂದದ್ದೇ ತಪ್ಪಾಯಿತು.

ಕೆಂಪು ಇಟ್ಟಿಗೆಯ ಆ ಬಂಗಲೆಯನ್ನು ಕಟ್ಟಿಸಿದವನು ಪರದೇಶದ ದೊರೆ. ಅವನು ಹೋದ ಮೇಲೆ ಅದು ಕಚೇರಿಯಾಯಿತು, ಆಮೇಲೆ ಉಗ್ರಾಣವಾಯಿತು, ಈಗ ಮ್ಯೂಸಿಯಂ. ಬಂದವರೆಲ್ಲ ಕೇಳುವುದು ಒಂದೇ ಇಟ್ಟಿಗೆಯನ್ನು. ಮನೆ ಕಟ್ಟುವಾಗ ಹಸಿ ಇಟ್ಟಿಗೆಯ ಮೇಲೆ ದೊರೆಯ ನಾಯಿ ಕಾಲಿಟ್ಟಿತ್ತಂತೆ. ಆ ಹೆಜ್ಜೆ ಹಾಗೇ ಬೆಂದು ಉಳಿದಿತ್ತು.

ಅದನ್ನು ತೋರಿಸುವ ಗೈಡ್ ಹಂಗಾಮಿ ನೌಕರ. ಅವನನ್ನು ಖಾಯಂ ಮಾಡಬೇಕೋ ಬೇಡವೋ ಎಂದು ನೋಡಲು ಅಂದು ಮಧ್ಯಾಹ್ನ ಹೊಸ ಮೇಲಧಿಕಾರಿ ಬರುವವರಿದ್ದರು. ಅದನ್ನಿಟ್ಟಿದ್ದ ಗಾಜಿನ ಪೆಟ್ಟಿಗೆಯ ಧೂಳು ಒರೆಸೋಣವೆಂದು ಗೈಡ್ ಇಟ್ಟಿಗೆಯನ್ನು ಕೈಗೆತ್ತಿಕೊಂಡ. ಧೂಳು ಮೂಗಿಗೆ ಹೋಯಿತು. "ಆಕ್ಷೀ!"

ಇಟ್ಟಿಗೆ ನೆಲಕ್ಕೆ ಬಿದ್ದು ಹಳೇ ರಸ್ಕಿನಂತೆ ಪುಡಿಯಾಯಿತು.

"ಅಯ್ಯಯ್ಯೋ! ಏನ್ ಮಾಡ್ಬಿಟ್ಟೆ ತಮ್ಮಾ!" ಟಿಕೆಟ್ ಕೊಡುವ ಅಕ್ಕ ಬಾಗಿಲಲ್ಲೇ ಎದೆ ಹಿಡಿದುಕೊಂಡಳು.

"ಮೆಲ್ಲಗೆ ಅಕ್ಕಾ! ನನ್ನ ಕೆಲಸ ಹೋಯ್ತು!"

ಕೂಗು ಕೇಳಿ ಓಡಿಬಂದ ಮಾಲಿ, ಚೂರುಗಳನ್ನು ಕಂಡು ಸಾವಿನ ಮನೆಗೆ ಬಂದವನಂತೆ ತಲೆಯ ಟವೆಲ್ ತೆಗೆದ. ಆಮೇಲೆ, "ಹಿತ್ತಲ ಗೋಡೇನೂ ಅದೇ ಕಾಲದ್ದಲ್ವಾ? ಒಂದು ಇಟ್ಟಿಗೆ ಕಿತ್ತು ಹೆಜ್ಜೆ ಕೆತ್ತಿದ್ರಾಯ್ತಪ್ಪ. ಹೊಸ ಸಾಹೇಬ್ರು ಹಳೇದನ್ನ ಎಲ್ಲಿ ನೋಡಿದಾರೆ?" ಎಂದ.

ಕಿತ್ತದ್ದೂ ಆಯಿತು. ಮಾಲಿ ಉಳಿ ಹಿಡಿದಾಗ ತಕರಾರು ಶುರುವಾಯಿತು.

"ನಾಯಿ ಹೆಜ್ಜೇಲಿ ಎಷ್ಟು ಬೆರಳು ಮೂಡುತ್ವೆ?" ಗೈಡ್ ಕೇಳಿದ.

"ಐದು. ನಮಗಿಲ್ವಾ?" ಎಂದಳು ಅಕ್ಕ.

"ನೀವು ನಾಯೀನಾ ಅಕ್ಕಾ? ನಾಲ್ಕು!" ಎಂದ ಮಾಲಿ.

ದಿನಾ ಅದನ್ನೇ ತೋರಿಸುತ್ತಿದ್ದ ಗೈಡಿಗೆ ನೆನಪೇ ಬರಲಿಲ್ಲ. ಅವನು ನೋಡುತ್ತಿದ್ದುದು ಬಂದವರ ಮುಖವನ್ನು, ಇಟ್ಟಿಗೆಯನ್ನಲ್ಲ. ಗೇಟಿನ ಬಳಿ ಮಲಗಿದ್ದ ಬೀದಿನಾಯಿಯ ಕಾಲೆತ್ತಿ ನೋಡಲು ಹೋಗಿ, ಪ್ಯಾಂಟಿನ ಒಂದು ತುಂಡನ್ನು ಅದರ ಬಾಯಲ್ಲಿ ಬಿಟ್ಟು ಬಂದ. ಕೊನೆಗೆ, ಐದೇ ಇರಲಿ ಎಂದಾಯಿತು. ಮಾಲಿ ಐದನೆಯದನ್ನು ಕೆತ್ತಿ ಮುಗಿಸುವಷ್ಟರಲ್ಲಿ ಹೊರಗೆ ಜೀಪಿನ ಹಾರ್ನ್ ಕೇಳಿತು. ಬೆಚ್ಚಿಬಿದ್ದವನ ಉಳಿ ಜಾರಿತು. ಆರಾಯಿತು!

ಮೇಲಧಿಕಾರಿ ಭೂತಗನ್ನಡಿ ಹಿಡಿದು ಬಗ್ಗಿದರು. ಎಣಿಸಿದರು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು.

"ಆರು ಬೆರಳು!" ಅವರು ಕಿರುಚಿದ್ದಕ್ಕೆ ಸೂರಿನ ಪಾರಿವಾಳಗಳೂ ಹಾರಿಹೋದವು. "ಏನ್ರೀ ಇದು! ಇಂಥಾ ನಾಯಿ ಎಲ್ಲೂ ಇದ್ದಿದ್ದು ನಾ ಕೇಳಿಲ್ಲ! ಇಷ್ಟು ವರ್ಷ ಯಾರೂ ಎಣಿಸ್ಲೇ ಇಲ್ವಾ?"

"ಇ... ಇಲ್ಲ ಸಾರ್." ಗೈಡ್ ಹರಿದ ಪ್ಯಾಂಟನ್ನು ಕೈಯಿಂದ ಮುಚ್ಚಿಕೊಂಡ.

"ನಿಮ್ಮನ್ನ ಇವತ್ತಿಂದ್ಲೇ ಖಾಯಂ ಮಾಡಿದ್ದೀನಿ."

ಗೈಡಿಗೆ ಹೋದ ಜೀವ ಬಂದಂತಾಯಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆದ್ರೆ ಗೈಡ್ ಕೆಲಸಕ್ಕಲ್ಲ. ನಾಯಿ ಒಂಟಿ ಕಾಲಲ್ಲಿ ಬಂದಿರುತ್ತಾ? ಉಳಿದ ಮೂರು ಹೆಜ್ಜೆ ಈ ಗೋಡೆಗಳಲ್ಲೇ ಎಲ್ಲೋ ಇರ್ಬೇಕು. ಒಂದೊಂದೇ ಇಟ್ಟಿಗೆ ಬಿಡಿಸಿ ಹುಡುಕಿ. ಸಿಗೋ ತನಕ ನಿಮಗೆ ರಜೆ ಇಲ್ಲ, ವರ್ಗ ಇಲ್ಲ."

"ಮೂರು ತಾನೆ? ನಾವೇ ಕೆತ್ತಿ..." ಎಂದು ಮಾಲಿ ಗೈಡಿನ ಕಿವಿಯಲ್ಲಿ ಉಸುರುವಷ್ಟರಲ್ಲಿ ಮೇಲಧಿಕಾರಿ ಕುರ್ಚಿ ಎಳೆದು ಗೋಡೆಯ ಎದುರಿಗೇ ಕುಳಿತರು.

"ನಾನೂ ಇಲ್ಲೇ ಇರ್ತೀನಿ ಕಣ್ರೀ. ಒಂದು ಇಟ್ಟಿಗೇನೂ ಕಣ್ತಪ್ಪಬಾರ್ದು. ಹ್ಞೂಂ, ಶುರು ಮಾಡಿ."

ಗೈಡ್ ತಲೆಯೆತ್ತಿದ. ನಾಲ್ಕೂ ಕಡೆ, ಸೂರಿನವರೆಗೂ ಇಟ್ಟಿಗೆಯೇ ಇಟ್ಟಿಗೆ.