ಗೋಡೆಯಾಚೆಯ ಗಣಿತ

ವಿಶ್ವವಿದ್ಯಾಲಯವು ತನ್ನ ಶುಲ್ಕವನ್ನು ಇಮ್ಮಡಿಗೊಳಿಸಿದ್ದು ಬಡ ವಿದ್ಯಾರ್ಥಿಗಳ ಹಿತದೃಷ್ಟಿಯಿಂದಲೇ. ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟಪಡಿಸಲಾಗಿತ್ತು: ಅವರು ಬಾರದಿದ್ದರೆ ಅವರಿಗೆ ಬಸ್ಸಿನ ಖರ್ಚು ಉಳಿಯುತ್ತದೆ.

ಒಬ್ಬ ಗಾರೆ ಕೆಲಸದವನಿಗೆ ಈ ಹಿತ ಅಷ್ಟಾಗಿ ತಲೆಗೆ ಹತ್ತಲಿಲ್ಲ. ಮಗಳಿಗೆ ಗಣಿತದಲ್ಲಿ ಸೀಟು ಸಿಕ್ಕಿತ್ತು. ಹೆಂಡತಿಯ ಬಳೆ ಮಾರಿ ಮೊದಲ ಕಂತು ಕಟ್ಟಿದ್ದ. ಎರಡನೆಯದಕ್ಕೆ ಮನೆಯಲ್ಲಿ ಮಾರುವಂಥದ್ದೇನೂ ಉಳಿದಿರಲಿಲ್ಲ. ಒಗೆದ ಅಂಗಿ ತೊಟ್ಟು ಕುಲಸಚಿವರ ಮೇಜಿನ ಮುಂದೆ ಹೋಗಿ ನಿಂತ.

"ಕಟ್ಟೋಕಾಗ್ತಿಲ್ಲ ಸ್ವಾಮಿ."

"ಮತ್ತೆ ಏನು ಕಟ್ಟೋಕೆ ಬರುತ್ತೆ ನಿಂಗೆ?"

"ಗೋಡೆ."

ಕುಲಸಚಿವರ ಮುಖ ಅರಳಿತು. ಶುಲ್ಕ ಕಟ್ಟದವರು ಕಿಟಕಿಯ ಹೊರಗೆ ನಿಂತು ಪುಕ್ಕಟೆ ಪಾಠ ಕೇಳುತ್ತಿದ್ದಾರೆಂಬ ಗಂಭೀರ ದೂರು ಬಂದಿತ್ತು. ಅದಕ್ಕೆ ಕಿಟಕಿಗೆ ತಾಗಿದಂತೆ ಒಂದು ಎತ್ತರದ ಗೋಡೆ ಬೇಕಾಗಿತ್ತು. ಅವನು ಕಟ್ಟುವುದು, ಕೂಲಿಯನ್ನು ಶುಲ್ಕಕ್ಕೆ ಜಮಾ ಮಾಡುವುದು, ಗೋಡೆ ಮುಗಿಯುವ ತನಕ ಶುಲ್ಕ ಬಾಕಿಯೆಂದೇ ಪರಿಗಣಿಸಿ ಮಗಳನ್ನು ಹೊರಗಿಡುವುದು ಎಂದು ಆದೇಶವಾಯಿತು.

ಹೀಗೆ ಅಪ್ಪ ತನ್ನ ಮಗಳಿಗೇ ಅಡ್ಡಗೋಡೆ ಕಟ್ಟತೊಡಗಿದ. ಇಟ್ಟಿಗೆಯ ಸಾಲು ಮೇಲೇರಿದಂತೆ ಒಳಗಿನ ಮೇಷ್ಟ್ರ ದನಿ ಸಣ್ಣದಾಯಿತು. ಹೊರಗಿದ್ದ ಮಗಳು ಪಾಠ ಕೇಳಲು ತುದಿಗಾಲಲ್ಲಿ ನಿಂತಳು. ಅವನಿಗೆ ತಡೆಯಲಾಗಲಿಲ್ಲ. ಅವಳ ಕಿವಿಯ ಮಟ್ಟಕ್ಕೆ ಒಂದು ಇಟ್ಟಿಗೆ ಇಡದೆ ಮೇಲಿನ ಸಾಲಿಗೆ ಹೋದ.

ವಾರ ಕಳೆಯುವಷ್ಟರಲ್ಲಿ ಆ ಕಿಂಡಿಯ ಮುಂದೆ ಹುಡುಗರ ಸಾಲು ಬೆಳೆಯಿತು. ತನಿಖಾ ಸಮಿತಿ ಬಂತು. ಸದಸ್ಯರು ಒಳಗಿನಿಂದ ಒಮ್ಮೆ, ಹೊರಗಿನಿಂದ ಒಮ್ಮೆ ಇಣುಕಿ, ಚಹಾ ಕುಡಿದು ವರದಿ ಬರೆದರು: ಗೋಡೆಯು ವಿಶ್ವವಿದ್ಯಾಲಯದ್ದಾದ್ದರಿಂದ ಕಿಂಡಿಯೂ ವಿಶ್ವವಿದ್ಯಾಲಯದ ಆಸ್ತಿ, ಇನ್ನು ಮುಂದೆ ಶ್ರವಣ ಶುಲ್ಕ ವಿಧಿಸತಕ್ಕದ್ದು, ಎರಡೂ ಕಿವಿಗಳನ್ನು ಬಳಸುವವರಿಗೆ ದರ ಬೇರೆ.

"ಇನ್ನಷ್ಟು ಕಿಂಡಿ ಬಿಡಪ್ಪ," ಎಂದರು ಕುಲಸಚಿವರು. "ಆದರೆ ಇಟ್ಟಿಗೆ ಇಡದ ಜಾಗಕ್ಕೆ ಕೂಲಿ ಇಲ್ಲ. ನಿಯಮ."

"ಹಾಗಾದ್ರೆ ನನ್ನ ಮಗಳ ಫೀಸು ತೀರೋದು ಯಾವಾಗ?"

"ಗೋಡೆ ತೂತಾದಷ್ಟೂ ತಡ ಆಗುತ್ತೆ. ನೀನೇ ಶುರು ಮಾಡಿದ್ದಲ್ವಾ?"

ಅವನು ಕಿಂಡಿ ಬಿಡುತ್ತಾ ಹೋದ.

ಅಷ್ಟರಲ್ಲಿ ಸಂಬಳ ಕಾಣದ ಗಣಿತದ ಮೇಷ್ಟ್ರು ಒಂದು ದಿನ ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಮನೆಗೆ ಹೋದವರು ತಿರುಗಿ ಬರಲಿಲ್ಲ. ತರಗತಿ ಸುಮ್ಮನೆ ಕೂತಿತ್ತು. ಹೊರಗಿನಿಂದ ಮಗಳು ಕಿಂಡಿಗೆ ಬಾಯಿಟ್ಟು ಉಳಿದರ್ಧ ಹೇಳಿಕೊಟ್ಟಳು. ಮರುದಿನ ಪೂರ್ತಿ ಶುಲ್ಕ ಕಟ್ಟಿದ ಹುಡುಗರೂ ಎದ್ದುಬಂದು ಒಳಗಿನಿಂದ ಗೋಡೆಗೆ ಕಿವಿ ಹಚ್ಚಿದರು. ಅವರಿಗೂ ಶ್ರವಣ ಶುಲ್ಕ ಬಿತ್ತು. ಯಾರೂ ತಕರಾರು ಮಾಡಲಿಲ್ಲ, ರಸೀದಿ ಕೊಡುತ್ತಿದ್ದರು.

ಸಮಿತಿ ಮತ್ತೆ ಸೇರಿತು. ಶುಲ್ಕ ಬಾಕಿಯಿರುವವಳನ್ನು ಒಳಗೆ ಬಿಡುವಂತಿಲ್ಲ, ಪಾಠ ನಿಲ್ಲಿಸುವಂತೆಯೂ ಇಲ್ಲ. ಹಾಗಾಗಿ ಅವಳನ್ನು 'ಗೌರವ ಬಹಿರ್ಭಾಗ ಉಪನ್ಯಾಸಕಿ' ಎಂದು ನೇಮಿಸಲಾಯಿತು. ಗೌರವ ಎಂಬ ಪದವಿದ್ದುದರಿಂದ ಸಂಬಳದ ಪ್ರಶ್ನೆ ಉದ್ಭವಿಸಲಿಲ್ಲ.

"ಕೆಲಸ ಯೂನಿವರ್ಸಿಟಿ ಒಳಗೇನಾ?" ಎಂದು ಅಮ್ಮ ಕೇಳಿದಳು.

"ಪಕ್ಕದಲ್ಲಿ," ಎಂದಳು ಮಗಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು.

ಅಪ್ಪ ತಲೆ ಎತ್ತದೆ ಊಟ ಮುಗಿಸಿದ. ಈಗ ಬೀದಿಯವರು ದಿನವೂ ಅವನ ಬಾಗಿಲಿಗೆ ಬರುತ್ತಾರೆ. ತಮ್ಮ ಮಕ್ಕಳಿಗೂ ಆ ಗೋಡೆಯ ಹೊರಗೆ, ಸಾಧ್ಯವಾದರೆ ನೆರಳಿರುವ ಕಡೆ, ಒಂದು ಜಾಗ ಕೊಡಿಸಬೇಕಂತೆ.