ಅಪ್ಪ ಎಂಟು ದಿನ ಕಟ್ಟಿ ನೋಡಿದ ಲಾರಿ

ಎತ್ತು ಆರಿಸುವುದರಲ್ಲಿ ನಮ್ಮಪ್ಪನನ್ನು ಮೀರಿಸುವವರು ಕೊಳ್ಳೇಗಾಲದ ಸುತ್ತಮುತ್ತ ಇಲ್ಲವೆಂದು ಊರೇ ಹೇಳುತ್ತಿತ್ತು. ಅಪ್ಪನೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಅಂಥವರನ್ನು ಹಳೇ ಲಾರಿ ಆರಿಸಲು ಕರೆದುಕೊಂಡು ಹೋದರೆ ದಿನಕ್ಕೊಂದು ಪ್ರಸಂಗ ಆಗುತ್ತಲೇ ಇರುತ್ತದೆ.

ನಾನು ಯುದ್ಧದಲ್ಲಿ ಎರಡು ವರ್ಷ ಮಿಲಿಟರಿ ಲಾರಿ ಓಡಿಸಿ ಊರಿಗೆ ಬಂದಿದ್ದೆ. ಬಂದವನ ಕೈಗೆ ಮನೆಯವರು ಮತ್ತೆ ಬಾರುಕೋಲು ಕೊಟ್ಟರು. ನಮ್ಮದು ಬೆಲ್ಲದ ವ್ಯಾಪಾರ. ಹನೂರಿನ ಸಂತೆಗೆ ನಮ್ಮ ಗಾಡಿ ತಲುಪುವ ಹೊತ್ತಿಗೆ, ಬೆಲ್ಲ ಕೊಂಡವರು ಮನೆಗೆ ಹೋಗಿ ಪಾನಕ ಕುಡಿದು ಮಲಗಿರುತ್ತಿದ್ದರು. ಲಾರಿ ಇದ್ದರೆ ಬೆಲ್ಲವೂ ಸಾಗುತ್ತದೆ, ಮನೆಮಂದಿಯೂ ನೆಂಟರ ಮನೆಗೆ ಹೋಗಿ ಬರಬಹುದು ಎಂದು ಆರು ತಿಂಗಳು ಅಪ್ಪನ ತಲೆ ತಿಂದೆ. ಕೊನೆಗೊಂದು ದಿನ, "ನಡಿ, ನೋಡೇಬುಡಾನ" ಅಂದರು.

೧. ಹೊಸ ಬಣ್ಣ

ಮೊದಲು ನೋಡಿದ್ದು ಕೊಳ್ಳೇಗಾಲದಲ್ಲೇ ಇದ್ದ ಒಂದು ಲಾರಿ. ಮೈತುಂಬ ಹೊಸ ಹಸಿರು ಬಣ್ಣ. ನನಗಂತೂ ನೋಡಿದ ಕೂಡಲೇ ಮನಸ್ಸು ಸೋತುಹೋಯಿತು.

ಅಪ್ಪ ಬಣ್ಣ ನೋಡಲಿಲ್ಲ. "ಮುದಿ ಎತ್ತಿಗೇ ಕಣ್ಲಾ ಕೊಂಬು ಸವರಿ ಬಣ್ಣ ಬಳಿಯೋದು" ಎಂದು ನನ್ನ ಕಿವಿಯಲ್ಲಿ ಹೇಳಿ, ಪಂಚೆ ಎತ್ತಿ ಕಟ್ಟಿ ಲಾರಿಯ ಹಿಂದೆ ಬಗ್ಗಿದರು. ಎತ್ತು ಕೊಳ್ಳುವಾಗ ಸಗಣಿ ನೋಡದೆ ಅವರು ಮಾತೇ ಆಡುತ್ತಿರಲಿಲ್ಲ. ಲಾರಿಯ ಅಡಿಯಲ್ಲಿ ಕಪ್ಪು ಎಣ್ಣೆ ತೊಟ್ಟಿಕ್ಕಿ ಮಡುಗಟ್ಟಿತ್ತು.

"ಇದೇನಿದು?" ಅಂದರು.

"ಎಲ್ಲಾ ಲಾರಿಗೂ ಒಂಚೂರು ಇರ್ತದೆ ಯಜಮಾನ್ರೇ" ಎಂದ ದಲ್ಲಾಳಿ.

"ನಿಂತ ಕಡೇನೆ ಇಂಗೆ ಭೇದಿ ಆಯ್ತಾ ಅದೆ. ಮೊದ್ಲು ವಾಸಿ ಮಾಡ್ಸಪ್ಪ, ವ್ಯಾಪಾರ ಆಮೇಲೆ" ಎಂದು ಅಪ್ಪ ಹೊರಟೇಬಿಟ್ಟರು.

೨. ಹಗ್ಗ

ಎರಡನೆಯದು ಯಳಂದೂರಿನಲ್ಲಿ. ಅಕ್ಕಿ ಗಿರಣಿಯ ಸಾಹುಕಾರರು ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಕೊಂಡದ್ದು. ಸ್ಟೇರಿಂಗು ಎಡಗಡೆ, ಬಣ್ಣ ಕೆಸರಿನದು, ಮೂತಿ ಸೊಟ್ಟ. ಅಪ್ಪ ಅಡಿಗೆ ಬಗ್ಗಿ ನೋಡಿದರು. ನೆಲ ಒಣಗಿತ್ತು. ಅವರ ಮುಖ ಅರಳಿತು.

"ಎಂಟು ದಿನ ಕಟ್ಟಿ ನೋಡ್ತೀನಿ ಸಾವ್ಕಾರ್ರೇ. ಇಡಿಸಿದ್ರೆ ತಕತೀನಿ, ಇಲ್ದಿದ್ರೆ ತಂದು ಬುಡ್ತೀನಿ."

ಎತ್ತು ಕೊಳ್ಳುವಾಗ ನಮ್ಮ ಕಡೆ ಇದೇ ಪದ್ಧತಿ. ಲಾರಿಗೆ ಈ ಪದ್ಧತಿಯನ್ನು ಸಾಹುಕಾರರು ಎಲ್ಲಿಯೂ ಕೇಳಿರಲಿಲ್ಲ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಗ್ಲಿ, ಕಟ್ಕೊಳಿ. ಕಟ್ಟೋಕೆ ಹಗ್ಗಾನೂ ಕೊಡ್ಲಾ?"

"ಮಾರೋರ ಹಗ್ಗ ನಾವು ಮುಟ್ಟಾಕಿಲ್ಲ" ಎಂದು ಅಪ್ಪ ಹೆಗಲ ಮೇಲಿನ ಚೀಲದಿಂದ ಹೊಸ ಹಗ್ಗವನ್ನು ತೆಗೆದರು.

ಹೊರಡುವಾಗ ನನಗೂ ಒಂದು ಷರತ್ತು ಹಾಕಿದರು. "ಎಂಟನೇ ದಿನ ಅವ್ವನ ಕೂರಿಸ್ಕಂಡು ಅನೂರಿಗೆ ಓಗಬೇಕು. ದಾರೀಲಿ ನಿಂತ್ಕಂಡ್ರೆ ಲಾರಿ ಯಳಂದೂರಿಗೆ, ನೀನು ಗಾಡಿಗೆ."

ಗಾಡಿಯ ಮೂಕಿ ಮೇಲೆ ಕೂತು ಮುದುಕನಾಗುವ ಆಸೆ ನನಗೆ ಎಳ್ಳಷ್ಟೂ ಇರಲಿಲ್ಲ.

೩. ಚೌಕಿಯವನ ಕಣ್ಣು

ಆಗ ಕೊಳ್ಳೇಗಾಲ ಮದರಾಸಿನವರದು, ಯಳಂದೂರು ಮೈಸೂರಿನವರದು. ನಡುವೆ ಸುಂಕದ ಚೌಕಿ. ಎತ್ತಿನ ನಡೆ ನೋಡುವುದು ಖಾಲಿ ರಸ್ತೆಯಲ್ಲೇ ಎಂದು ಅಪ್ಪ ಒಂದೇ ದಿನ ನಾಲ್ಕು ಸಲ ನನ್ನಿಂದ ಬರಿ ಲಾರಿಯನ್ನು ಅತ್ತಿಂದಿತ್ತ ಹೊಡೆಸಿದರು. ನಾಲ್ಕನೇ ಸಲ ಚೌಕಿಯವನು ಕೋಲು ಅಡ್ಡ ಹಿಡಿದ.

"ಸರಕಿಲ್ಲ, ಜನ ಇಲ್ಲ. ಏನ್ ಯಜಮಾನ್ರೇ ನಿಮ್ಮ ಕಸುಬು?"

"ನಡೆ ನೋಡ್ತಾ ಇವ್ನಿ ಸಾ" ಎಂದರು ಅಪ್ಪ.

ನಮ್ಮನ್ನು ಕೂಡಿಹಾಕುತ್ತಾನೆ ಅಂದುಕೊಂಡೆ. ಆದರೆ ಅವನೂ ಒಕ್ಕಲು ಮನೆಯವನೇ. ಕೋಲು ಕೆಳಗಿಟ್ಟು, "ಇನ್ನೊಂದ್ಸಲ ನಡೆಸು" ಅಂದ. ನಡೆಸಿದೆ. ಕಣ್ಣು ಕಿರಿದು ಮಾಡಿ ನೋಡಿ ಅಪ್ಪನಿಗೆ ಹೇಳಿದ, "ನಡೆ ಚೆನ್ನಾಗದೆ. ಇಂದ್ಲ ಎಡಗಾಲು ಒಂಚೂರು ಕುಂಟ್ತದೆ."

ಇಳಿದು ನೋಡಿದರೆ ಹಿಂದಿನ ಎಡಗಡೆ ಟೈರಿನಲ್ಲಿ ಗಾಳಿ ಅರ್ಧಕ್ಕೆ ಇಳಿದಿತ್ತು. ಎರಡು ವರ್ಷ ಮಿಲಿಟರಿಯಲ್ಲಿದ್ದ ನನಗೆ ಅದು ಗೊತ್ತಾಗಿರಲಿಲ್ಲ. ಅಪ್ಪ ಮನೆವರೆಗೂ ಆ ಚೌಕಿಯವನನ್ನೇ ಹೊಗಳಿದರು.

೪. ಎಂಟನೇ ದಿನ

ಎಡಗಡೆ ಸ್ಟೇರಿಂಗಿಗೆ ನಾನು, ಬಲಗಡೆ ಬಾಗಿಲಿಗೆ ಅಪ್ಪನ ಅವ್ವ, ಅಂದರೆ ನನ್ನ ಅಜ್ಜಿ. ನನ್ನ ಮೇಲೊಂದು ಕಣ್ಣಿಡಲು ಅಪ್ಪ ನಡುವೆ. ಹಿಂದೆ ತುಂಬ ಬೆಲ್ಲ. ಲಾರಿ ಹೂವಿನಂತೆ ಹೋಯಿತು. ನಾನು ಒಳಗೊಳಗೇ ಗೆದ್ದೆ ಅಂದುಕೊಂಡೆ.

ಹನೂರು ಇನ್ನೆರಡು ಮೈಲಿ ಇರುವಾಗ ಒಂದು ಇಳಿಜಾರು, ಅದು ಮುಗಿದ ಕೂಡಲೇ ಒಂದು ಏರು. ಏರಿನಲ್ಲಿ ಲಾರಿ ನರಳಲು ಶುರುಮಾಡಿತು. ಕಾಲಡಿಯಿಂದ ಹೊಗೆ, ಸುಟ್ಟ ವಾಸನೆ. ಮೊದಲ ಗೇರಿಗೆ ಹಾಕಿ ನಾನು ಹಲ್ಲು ಕಚ್ಚಿ ತುಳಿದೆ. ಏದುಸಿರು ಬಿಡುತ್ತಾ ಹೇಗೋ ಏರಿನ ನೆತ್ತಿ ತಲುಪಿ, ಗಕ್ಕನೆ ನಿಂತುಬಿಟ್ಟಿತು.

"ನಿಂತ್ಕಂತು" ಎಂದರು ಅಪ್ಪ. "ಯಳಂದೂರಿಗೆ ತಿರುಗ್ಸು ಕಣ್ಲಾ."

ನಾನು ಕೆಳಗಿಳಿದೆ. ಎಂಜಿನ್ ನೋಡಿದೆ, ಚಕ್ರ ನೋಡಿದೆ, ಎಲ್ಲ ಸರಿಯಾಗಿತ್ತು. ಮತ್ತೆ ಹತ್ತಿ ಕೂರುವಾಗ ಕಣ್ಣಿಗೆ ಬಿದ್ದದ್ದು ಅಪ್ಪನ ಎಡಗೈ. ಅದು ನಮ್ಮಿಬ್ಬರ ನಡುವಿನ ಹ್ಯಾಂಡ್ ಬ್ರೇಕನ್ನು ಕೊನೆಮಟ್ಟ ಎಳೆದು ಉಡದಂತೆ ಬಿಗಿಯಾಗಿ ಹಿಡಿದಿತ್ತು.

"ಅಪ್ಪಾ, ಇದ್ಯಾಕೆ ಎಳುದ್ರಿ?"

"ಇಳಿಜಾರು ಬಂತಲ್ಲಾ."

ಹೌದಲ್ಲ. ಇಳಿಜಾರು ಬಂದರೆ ಗಾಡಿಯ ಬ್ರೇಕಿನ ಹಗ್ಗ ಎಳೆದು ಹಿಡಿಯುವುದು ಪಕ್ಕದಲ್ಲಿ ಕೂತವರ ಕೆಲಸ. ನಲವತ್ತು ವರ್ಷ ಅಪ್ಪ ಅದನ್ನು ಚಾಚೂ ತಪ್ಪದೆ ಮಾಡಿದ್ದರು.

"ಏರು ಬಂದಾಗ ಬುಡಬೇಕಲ್ವಾ?"

"ನೀನು ಬುಡು ಅನ್ನಲೇ ಇಲ್ವಲ್ಲ."

ಅಪ್ಪ ಬ್ರೇಕು ಬಿಟ್ಟರು. ಲಾರಿ ಮತ್ತೆ ಹೂವಾಯಿತು. ಆದರೂ ಮಾತು ಮಾತೇ, ನಿಂತದ್ದು ನಿಂತದ್ದೇ ಎಂದು ಅವರು ಗೊಣಗತೊಡಗಿದರು.

ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದ ಅಜ್ಜಿ ಬಾಯಿ ತೆಗೆದಳು. "ಲೇ, ಅದ್ಯಾಕ್ಲಾ ಯಳಂದೂರಿಗೆ ಓಗಬೇಕು? ನೀನು ಬ್ರೇಕ್ ಇಡ್ಕಂಡು ಕೂತಿದ್ರೂ ಅಷ್ಟು ಬೆಲ್ಲಾನೂ ಎಳ್ಕಂಡು ಗುಡ್ಡ ಏರ್ತದೆ. ನಲವತ್ತು ವರ್ಷದಿಂದ ನಾನೊಬ್ಳೇ ಇಂಗೆ ಈ ಮನೆ ಎಳೀತಾ ಇವ್ನಿ. ಇದು ಇಲ್ಲೇ ಇರ್ಲಿ ಬುಡು, ನಂಗೂ ಒಂದು ಜೋಡಿ ಆಯ್ತದೆ."